ಜೇಡ ಸಾಕೋದು ಸುಲಭ, ಅದರ ಊಟ ಸಂಭಾಳಿಸೋದೇ ಕಷ್ಟ

ಟೆಕ್ಸಾಸ್‌ನ ನಮ್ಮ ಮನೆಯಲ್ಲಿ ಒಂದು ಟರಂಟುಲಾ, ಅಂದರೆ ಮೈತುಂಬ ರೋಮದ ದೊಡ್ಡ ಜೇಡ, ಇದೆ. ಮೆಕ್ಸಿಕನ್ ರೆಡ್ ನೀ ಅನ್ನೋ ಜಾತಿ. ವಾರಗಟ್ಟಲೆ ಒಂದೇ ಮೂಲೆಯಲ್ಲಿ ಕೂತಿರುತ್ತದೆ, ಅದರ ಪಾಡಿಗೆ ಅದು. ತೊಂದರೆ ಕೊಟ್ಟಿದ್ದು ಅದಕ್ಕೆಂದು ತಂದ ಕ್ರಿಕೆಟ್ ಹುಳಗಳು. ರಾತ್ರಿ ಕಿರ್ರೋ ಅನ್ನುತ್ತವಲ್ಲ, ಅವೇ. ಮೊದಲ ಸಲ ನಾಲ್ಕು ತಪ್ಪಿಸಿಕೊಂಡು ಫ್ರಿಜ್ ಹಿಂದೆ ಸೇರಿಕೊಂಡವು, ಊರಿಂದ ಬಂದಿದ್ದ ಅಮ್ಮ ಮೂರು ರಾತ್ರಿ ನಿದ್ದೆಗೆಟ್ಟು "ದುಡ್ಡು ಕೊಟ್ಟು ಹುಳ ತರ್ತೀರಲ್ಲೋ" ಅಂತ ಬೈದಿದ್ದೇ ಬೈದಿದ್ದು.

ಹಾಗಾಗಿ ಮೊದಲ ಪಾಠ: ರೆಕ್ಕೆ ಬಲಿಯದ ಮರಿ ಹುಳ ತನ್ನಿ. ಕೂಗುವುದು ಬೆಳೆದ ಗಂಡು ಮಾತ್ರ. ಗಾತ್ರ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ತೋಟದಲ್ಲಿ ಸಿಕ್ಕ ಮಿಡತೆ ಹಿಡಿದು ಹಾಕುವುದು ಬೇಡವೇ ಬೇಡ, ಅದು ಯಾವ ಕೀಟನಾಶಕ ತಿಂದಿದೆಯೋ ಯಾರಿಗೆ ಗೊತ್ತು.

ಮನೆಗೆ ತಂದ ಮೇಲೆ ಗಾಳಿಯಾಡುವ ಎತ್ತರದ ಪ್ಲಾಸ್ಟಿಕ್ ಡಬ್ಬಕ್ಕೆ ಬಿಡಿ. ಒಳಗೆ ರಟ್ಟಿನ ಮೊಟ್ಟೆ ಟ್ರೇ ನಿಲ್ಲಿಸಿ. ನೀರಿನ ಬಟ್ಟಲು ಇಡಬೇಡಿ, ಬಿದ್ದು ಸಾಯುತ್ತವೆ. ಒಂದು ಹೋಳು ಕ್ಯಾರೆಟ್ ಇಟ್ಟರೆ ನೀರೂ ಆಯಿತು, ಊಟವೂ ಆಯಿತು. ಜೊತೆಗೆ ಸ್ವಲ್ಪ ಓಟ್ಸ್. ಜೇಡಕ್ಕೆ ಹಾಕುವ ಹಿಂದಿನ ದಿನ ಹುಳದ ಹೊಟ್ಟೆ ತುಂಬಿರಲಿ, ಹುಳ ತಿಂದಿದ್ದೇ ಜೇಡಕ್ಕೂ ಸೇರುವುದು. ಡಬ್ಬ ಒದ್ದೆಯಾದರೆ ಗಬ್ಬು ನಾತ ಹೊಡೆಯುತ್ತದೆ, ಸತ್ತಿದ್ದನ್ನು ದಿನಾ ತೆಗೆಯಿರಿ.

ಹಿಡಿಯುವುದಕ್ಕೆ ನನ್ನದೊಂದು ಉಪಾಯ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಡಬ್ಬದಲ್ಲೇ ಇಟ್ಟಿರಿ, ಕತ್ತಲೆ ಅಂತ ಹುಳಗಳು ಅದರೊಳಗೆ ನುಗ್ಗಿ ಕೂರುತ್ತವೆ. ಎರಡೂ ಬಾಯಿ ಮುಚ್ಚಿ ಎತ್ತಿ, ಸಣ್ಣ ಕಪ್ಪಿಗೆ ಒಂದೆರಡನ್ನು ತಟ್ಟಿ ಬೀಳಿಸಿ. ಇದನ್ನು ಸ್ನಾನದ ತೊಟ್ಟಿಯೊಳಗೆ ಕೂತು ಮಾಡಿದರೆ ಇನ್ನೂ ವಾಸಿ, ನುಣುಪು ಗೋಡೆ ಹತ್ತಲಾರವು.

ಕ್ರಿಕೆಟ್ ಸಾಕಪ್ಪಾ ಅನ್ನಿಸಿದರೆ ಡೂಬಿಯಾ ಜಿರಳೆ ಇದೆ. ಕೂಗುವುದಿಲ್ಲ, ನಾತ ಕಡಿಮೆ, ಗಾಜು ಹತ್ತುವುದಿಲ್ಲ. ಆದರೆ ಮಣ್ಣಿಗೆ ಬಿಟ್ಟರೆ ಸೀದಾ ಒಳಗೆ ಹೂತುಕೊಳ್ಳುತ್ತದೆ, ಚಿಮಟದಲ್ಲೇ ಹಿಡಿದು ಕೊಡಬೇಕು. ಸೂಪರ್‌ವರ್ಮ್ (ಒಂದು ಜಾತಿ ದುಂಬಿಯ ದಪ್ಪ ಮರಿಹುಳ) ಆದರೆ ತಲೆ ಜಜ್ಜಿ ಹಾಕಿ, ಅದಕ್ಕೂ ಕಚ್ಚುವ ಬಾಯಿದೆ.

ಹಾಕುವುದು ಸಂಜೆ. ಉದ್ದನೆಯ ಚಿಮಟವೇ ಬೇಕು, ಬೆರಳು ಬೇಡ. ಮುಚ್ಚಳ ತೆಗೆಯುವಾಗ ಮುಖ ದೂರ ಇಡಿ, ಈ ಜಾತಿ ಹೆದರಿದರೆ ಹೊಟ್ಟೆಯ ಮೇಲಿನ ರೋಮವನ್ನು ಹಿಂಗಾಲಿಂದ ಕೆರೆದು ತೂರುತ್ತದೆ, ಕಣ್ಣಿಗೆ ಬಿದ್ದರೆ ಗ್ರಹಚಾರ. ಬೆಳೆದ ಜೇಡಕ್ಕೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಸಾಕು.

ಇಷ್ಟೆಲ್ಲಾ ಮಾಡಿ ಕೊನೆಗೆ ಜನ ಎಡವುವುದು ಹುಳವನ್ನು ವಾಪಸ್ ತೆಗೆಯುವುದರಲ್ಲಿ. ಮಾರನೇ ದಿನಕ್ಕೂ ಹುಳ ಓಡಾಡುತ್ತಿದ್ದರೆ ತೆಗೆದುಬಿಡಿ. ತಿನ್ನದೆ ಇರುವುದು ಬಹಳ ಸಲ ಪೊರೆ ಬಿಡುವ ಸೂಚನೆ. ಪೊರೆ ಬಿಡುವಾಗ ಜೇಡ ಅಂಗಾತ ಮಲಗುತ್ತದೆ, ಸತ್ತಿತು ಅಂತ ಗಾಬರಿಯಾಗಿ ಮುಟ್ಟಲು ಹೋಗಬೇಡಿ. ಆಗ ಅದರ ಮೈ ಬೆಣ್ಣೆಯಷ್ಟು ಮೆತ್ತಗೆ. ಹಸಿದ ಒಂದೇ ಒಂದು ಕ್ರಿಕೆಟ್ ಸಾಕು, ಅಷ್ಟು ದೊಡ್ಡ ಜೇಡವನ್ನು ಕಚ್ಚಿ ತಿಂದುಬಿಡುತ್ತದೆ. ತಮಾಷೆ ಅಲ್ಲ.

ಪೊರೆ ಬಿಟ್ಟ ಮೇಲೆ ಕೋರೆಹಲ್ಲು ಬೆಳ್ಳಗಿರುತ್ತದೆ, ಆಮೇಲೆ ಕೆಂಪಾಗಿ ಕಪ್ಪಾಗುತ್ತದೆ. ದೊಡ್ಡ ಜೇಡವಾದರೆ ಎರಡು ವಾರ ಕಾಯಿರಿ, ಅಲ್ಲಿತನಕ ನೀರು ಮಾತ್ರ ಇಡಿ. ಹಲ್ಲು ಪೂರ್ತಿ ಕಪ್ಪಾದ ಮೇಲೆ ಒಂದು ಸಣ್ಣ ಹುಳದಿಂದ ಮತ್ತೆ ಶುರು ಮಾಡಿ.