ನೀರಿನ ಬಾಟಲಿ ಹಿಡಿದು ಮಿಯಾಟಾ ಕೊಳ್ಳಲು ಹೋದದ್ದು

“ಎರಡೇ ಸೀಟಾ? ಹಾಗಾದ್ರೆ ಮಗಳನ್ನ ಡಿಕ್ಕೀಲಿ ಕೂರಿಸ್ತೀರಾ?” ಅಂದಳು ಹೆಂಡತಿ. ಈ ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ, ಸ್ಟೆಪ್ನಿ ಎರಡೂ ಇರುತ್ತವೆ, ಅಲ್ಲೂ ಜಾಗವಿಲ್ಲ ಅನ್ನುವುದನ್ನು ನಾನು ಆಗ ಬಾಯಿಬಿಡಲಿಲ್ಲ.

ನಾವಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಲ್ಲಿ. ಸಂಸಾರಕ್ಕೆ ವ್ಯಾನ್ ಇದೆ. ನನಗೆ ಬೇಕಿದ್ದದ್ದು ಮಜ್ದಾ ಮಿಯಾಟಾ, ಛಾವಣಿ ಮಡಚಿ ಓಡಿಸಬಹುದಾದ ಎರಡು ಸೀಟಿನ ಪುಟ್ಟ ಜಪಾನೀ ಕಾರು. ಅದರಲ್ಲೂ 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಂಡು 1997ರವರೆಗೆ ತಯಾರಾದ ಮೊದಲ ತಲೆಮಾರಿನದು. ದೀಪ ಹಾಕಿದರೆ ಕಪ್ಪೆ ಕಣ್ಣು ತೆರೆದಂತೆ ಹೆಡ್‌ಲೈಟು ಮೇಲೇಳುತ್ತದಲ್ಲ, ಅದು. ತೂಕ ಸುಮಾರು ಒಂದು ಟನ್ ಅಷ್ಟೇ. ಶುರುವಿನ ವರ್ಷಗಳ 1.6 ಲೀಟರ್ ಎಂಜಿನ್‌ಗೆ 116 ಹಾರ್ಸ್‌ಪವರ್. ಈಗಿನ ಎಷ್ಟೋ ಫ್ಯಾಮಿಲಿ ಕಾರುಗಳು ಇದನ್ನು ಆರಾಮಾಗಿ ಹಿಂದೆ ಹಾಕುತ್ತವೆ, ಹಾಕಲಿ. ಇದರ ಗೇರ್ ಮಣಿಕಟ್ಟು ತಿರುಗಿಸಿದಷ್ಟಕ್ಕೇ ಬೀಳುತ್ತದೆ. ನಲವತ್ತು ಮೈಲಿ ವೇಗದಲ್ಲಿ ತಿರುವು ತೆಗೆದುಕೊಂಡರೂ ಏನೋ ಸಾಧಿಸಿದ ಖುಷಿ.

ಇಲ್ಲಿ ಹಳೇ ಕಾರು ಕೊಳ್ಳುವವನ ಶತ್ರು ಎಂಜಿನ್ ಅಲ್ಲ, ಉಪ್ಪು. ಚಳಿಗಾಲವಿಡೀ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಕಾರಿನ ತಗಡಿಗೆ ತುಕ್ಕು ಹಿಡಿಸುತ್ತದೆ. ಮಿಯಾಟಾಕ್ಕೆ ಇದರ ಜೊತೆಗೆ ಒಳಗಿನ ಕಾಯಿಲೆಯೂ ಒಂದಿದೆ. ಬಟ್ಟೆಯ ಮೇಲ್ಛಾವಣಿ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ತೂತುಗಳಿಂದ ಕೊಳವೆಗಿಳಿದು, ಹಿಂದಿನ ಚಕ್ರದ ಮುಂಭಾಗದಲ್ಲಿ ಹೊರಗೆ ಬೀಳಬೇಕು. ವರ್ಷಗಟ್ಟಲೆ ಎಲೆ, ಕಸ ತುಂಬಿ ಆ ತೂತು ಕಟ್ಟಿಕೊಂಡಿತೆಂದರೆ ನೀರು ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿಯಲ್ಲೇ ನಿಂತು, ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಹಾಗಾಗಿ ಕಾರು ನೋಡಲು ಹೋಗುವಾಗ ನನ್ನ ಬ್ಯಾಗಿನಲ್ಲಿದ್ದದ್ದು ಮೂರೇ ವಸ್ತು: ಟಾರ್ಚು, ಫ್ರಿಜ್ಜಿನ ಬಾಗಿಲಿಂದ ಕಿತ್ತ ಅಯಸ್ಕಾಂತ, ಒಂದು ಬಾಟಲಿ ನೀರು.

ಮೊದಲು ನೋಡಿದ್ದು 1994ರ ಕೆಂಪು ಕಾರು. ಓಡಿದ್ದು 62,000 ಮೈಲಿ ಮಾತ್ರ, ಮೈ ಕನ್ನಡಿಯ ಹಾಗೆ. ಮಾರುವವರ ಅನುಮತಿ ಕೇಳಿ ತೂತಿಗೆ ನೀರು ಸುರಿದೆ. ಕೆಳಗೆ ಬಗ್ಗಿ ಕಾದೆವು, ಒಂದು ಹನಿಯೂ ಬೀಳಲಿಲ್ಲ. ಬಾಗಿಲ ಕೆಳಗೆ ಎಲ್ಲೋ ಗುಳುಗುಳು ಸದ್ದು. ಅಲ್ಲಿ ಅಯಸ್ಕಾಂತ ಇಟ್ಟರೆ ಜಾರಿ ಬಿತ್ತು, ಒಂದು ಗೇಣು ಹಿಂದಿಟ್ಟರೆ ಅಂಟಿತು. ತಗಡು ಹೋದ ಕಡೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರು. ನಮ್ಮೂರ ಟಿಂಕರಿಂಗ್ ಶೆಡ್‌ನವರೇ ಇದಕ್ಕಿಂತ ನಿಯತ್ತಾಗಿ ಮಾಡುತ್ತಾರೆ.

ಎರಡನೆಯದು ಒಹಾಯೋದ ಟೊಲೀಡೋದಲ್ಲಿ, 1991ರದ್ದು. ಒಳ್ಳೇ ಕಾರು, ಒಳ್ಳೇ ಮನುಷ್ಯ. ಆದರೆ 1990ರಿಂದ 1991ರ ನಡುವಿನವರೆಗೆ ಬಂದ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಮುಂದಿನ ಮೂಗು ಗಿಡ್ಡ. ಪುಲ್ಲಿ ಹಿಡಿದಿಡುವ ಕೀ ಸವೆದು, ಪುಲ್ಲಿ ಅಲ್ಲಾಡತೊಡಗಿದರೆ ಕ್ರ್ಯಾಂಕೇ ಹಾಳು. ಗುರುತಿಸುವುದು ಸುಲಭ: ಟಾರ್ಚು ಬಿಟ್ಟು ಪುಲ್ಲಿಯಲ್ಲಿರುವ ಸೀಳುಗಳನ್ನು ಎಣಿಸಬೇಕು. ನಾಲ್ಕಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ. ಇದರಲ್ಲಿ ನಾಲ್ಕೇ ಇತ್ತು. ಅಂಥ ಎಷ್ಟೋ ಕಾರು ಇವತ್ತಿಗೂ ಚೆನ್ನಾಗೇ ಓಡುತ್ತಿವೆ, ನಿಜ. ನನಗೆ ಧೈರ್ಯ ಸಾಲಲಿಲ್ಲ.

ಕಡೆಗೆ ಉಪ್ಪಿನ ಊರೇ ಬೇಡವೆಂದು ಸ್ನೇಹಿತನ ಜೊತೆ ಐ-75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ, ಟೆನೆಸಿಯ ನಾಕ್ಸ್‌ವಿಲ್‌ಗೆ ಹೋದೆ. ಸುಮಾರು ಐನೂರು ಮೈಲಿ. 1993ರ ಬಿಳಿ ಕಾರು, 1,48,000 ಮೈಲಿ ಓಡಿದೆ, ಬಾನೆಟ್ ಮೇಲಿನ ಬಣ್ಣ ಚಕ್ಕೆ ಎದ್ದಿದೆ. “ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ” ಎಂದು ಮೊದಲೇ ಕೇಳಿಕೊಂಡಿದ್ದೆ. ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಸ್ಟಾರ್ಟ್ ಮಾಡಿದಾಗ ಹೊಲಿಗೆ ಮಿಷನ್ನಿನಂತೆ ಟಿಕ್‌ಟಿಕ್. ಈ ಎಂಜಿನ್ನಿನ ವಾಲ್ವ್ ಲಿಫ್ಟರುಗಳಿಗೆ ಆಯಿಲ್ ಏರುವವರೆಗೆ ಅದು ಮಾಮೂಲು. ಸ್ವಲ್ಪ ಹೊತ್ತಿಗೆ ನಿಂತಿತು. ಆಯಿಲ್ ಪ್ರೆಷರ್ ಮುಳ್ಳು ಆಕ್ಸಿಲರೇಟರ್ ಒತ್ತಿದಂತೆ ಏರಿಳಿಯುತ್ತಿತ್ತು. 1995ರಿಂದೀಚಿನ ಕಾರಿನಲ್ಲಿ ಅದೇ ಮುಳ್ಳು ಸುಮ್ಮನೆ ನಡುವೆ ನಿಂತಿರುತ್ತದೆ, ಅದನ್ನು ನಂಬುವಂತಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದರೆ ಕರಕರ ಇಲ್ಲ. ಆಮೇಲೆ ಬಾಟಲಿ ಬಗ್ಗಿಸಿದೆ. ಎರಡೂ ಕಡೆ ಸುರಿದ ನೀರು ಸುರಿದ ಹಾಗೇ ಚಕ್ರದ ಮುಂದೆ ಧಾರೆಯಾಗಿ ಬಿತ್ತು. ಅಲ್ಲೇ ನನ್ನ ಮನಸ್ಸು ಬಿತ್ತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಚೌಕಾಸಿಗೆ ಸಿಕ್ಕಿದ್ದು ಛಾವಣಿಯ ಹಿಂದಿನ ಪ್ಲಾಸ್ಟಿಕ್ ಕಿಟಕಿ. ಛಾವಣಿ ಮಡಚುವ ಮುಂಚೆ ಅದರ ಜಿಪ್ ಬಿಚ್ಚಿ ಮಲಗಿಸಬೇಕು. ಹಿಂದೆ ಯಾರೋ ಹಾಗೆ ಮಾಡದೆ, ಹಳದಿಗಟ್ಟಿದ ಪ್ಲಾಸ್ಟಿಕ್ ಮಡಿಕೆಯುದ್ದಕ್ಕೂ ಸೀಳಿತ್ತು. 5,200 ಡಾಲರ್ ಹೇಳಿದ್ದು 4,700ಕ್ಕೆ ಇಳಿಯಿತು. ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ಮೇಲಿನ ಹೆಸರು, ಡ್ಯಾಶ್‌ಬೋರ್ಡಿನ ಚಾಸಿ ನಂಬರು ಎರಡನ್ನೂ ತಾಳೆ ನೋಡಿ ದುಡ್ಡು ಕೊಟ್ಟೆ.

ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ದಾಖಲೆ ಇರಲಿಲ್ಲ. 60,000 ಮೈಲಿಗೊಮ್ಮೆ ಹಾಕಬೇಕಾದ್ದು. ಈ 1.6 ಎಂಜಿನ್‌ನಲ್ಲಿ ಬೆಲ್ಟ್ ಕಡಿದರೂ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುವುದಿಲ್ಲ, ದಾರಿಯಲ್ಲಿ ನಿಲ್ಲುತ್ತೇವೆ ಅಷ್ಟೇ ಎಂಬ ಧೈರ್ಯದಲ್ಲಿ ಓಡಿಸಿಕೊಂಡೇ ಬಂದೆ. 11 ಮೈಲಿಯಲ್ಲಿ 318 ತಿರುವಿದೆಯೆಂದು ಹೆಸರಾದ ಡೀಲ್ಸ್ ಗ್ಯಾಪ್ ರಸ್ತೆ ಅಲ್ಲೇ ಹತ್ತಿರ. ಸ್ನೇಹಿತ ಎಷ್ಟು ಚುಚ್ಚಿದರೂ ಹಳೇ ಬೆಲ್ಟ್ ಇಟ್ಟುಕೊಂಡು ಅತ್ತ ತಿರುಗಿಸಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎಲ್ಲ ನೋಡಿದೆ ಎಂದುಕೊಂಡವನು ಕ್ಲಚ್ಚಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ. ಎರಡು ವಾರಕ್ಕೆ, ಸಿಗ್ನಲ್ಲಿನಲ್ಲಿ ಮೊದಲ ಗೇರಿನಲ್ಲಿರುವಾಗ ಪೆಡಲ್ ನೆಲಕ್ಕಂಟಿ ಮೇಲೇ ಬರಲಿಲ್ಲ. ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ತಳ್ಳಿದೆ; ಹಗುರ ಕಾರಿನ ಲಾಭ. ಡಬ್ಬಿ ತೆರೆದರೆ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣದ ಆಯಿಲ್, ತಳದಲ್ಲಿ ಒಂದಿಷ್ಟು. ಪೆಡಲ್ಲಿನ ಒತ್ತಡವನ್ನು ಆಯಿಲ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಕೆಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿತ್ತು. ಮಿಯಾಟಾ ಇಟ್ಟುಕೊಂಡವರೆಲ್ಲ ಒಮ್ಮೆಯಾದರೂ ಕೊಳ್ಳುವ ಸಾಮಾನು ಅದು. ಮೇಲಿನ ಮಾಸ್ಟರ್ ಸಿಲಿಂಡರನ್ನೂ ಸೇರಿಸಿ ಭಾನುವಾರ ಗ್ಯಾರೇಜಿನಲ್ಲಿ ನಾನೇ ಬದಲಿಸಿದೆ. ಬೆಲ್ಟು, ವಾಟರ್ ಪಂಪು ಮಾತ್ರ ಮೆಕ್ಯಾನಿಕ್ಕಿಗೆ ಬಿಟ್ಟೆ.

ಕ್ಲಚ್ಚಿನ ಆಯಿಲ್ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವಾಗ ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ಹೆಂಡತಿ ಬಂದು ಕೂತಳು. ನಾನು ಕಾರಿನ ಕೆಳಗಿಂದ “ಒತ್ತು… ಹಿಡ್ಕೋ… ಬಿಡು” ಅನ್ನುತ್ತಿದ್ದರೆ, ಮೇಲಿಂದ ಕೇಳಿತು: “ಈ ಸೀಟು ಇನ್ನೂ ಸ್ವಲ್ಪ ಮುಂದೆ ಬರುತ್ತಾ?”