ತೈಜ ಅಲ್ಲ, ತನಿಯ

ನಮ್ಮ ಚರ್ಚ್ ಸಭೆಯ ಹಳೇ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ರಿಜಿಸ್ಟರ್ ಓದಲು ಆಗುವ ಕೆಲಸವೇ ಅಲ್ಲ ಅಂತ ಮೂರು ಜನ ಹೇಳಿದ್ದರು. ಕಮಿಟಿಯಲ್ಲಿ ಒಬ್ಬರು "ಸುಮ್ನೆ ದುಡ್ಡು ಹಾಳು" ಅಂದರು. ಈಗ ಸುಮಾರು 340 ಹೆಸರುಗಳಲ್ಲಿ 290ರಷ್ಟು ಯಾರು, ಯಾವ ಮನೆಯವರು ಅಂತ ಗೊತ್ತಾಗಿದೆ. ಹೇಳಿಕೊಳ್ಳದೆ ಇರಲಿ ಹೇಗೆ?

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಸಭೆಗಳವರಿಗೆ ಹಿನ್ನೆಲೆ ಬೇಡ, ಉಳಿದವರಿಗೆ ಹೇಳುತ್ತೇನೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಅದರ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಮಿಶನ್ನಿನ ಕಚೇರಿ ಇದ್ದದ್ದು ಸ್ವಿಜರ್ಲೆಂಡಿನಲ್ಲಿ. ಆದರೆ ಬಂದ ಪಾದ್ರಿಗಳಲ್ಲಿ ತುಂಬಾ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ಲುಥೆರನ್ ಮನೆಗಳವರು. ರಿಜಿಸ್ಟರಿನ ಮೊದಲ ಪುಟಗಳನ್ನು ಅವರು ತಮ್ಮ ಹಳೇ ಜರ್ಮನ್ ಕೈಬರಹದಲ್ಲೇ ಬರೆದಿಟ್ಟಿದ್ದಾರೆ. ತಲೆನೋವು ಅದೇ.

ಮೊದಲು ಬೆಂಗಳೂರಿನ ಒಬ್ಬ ಭಾಷಾಂತರಕಾರರಿಗೆ ಎಂಟು ಸಾವಿರ ಕೊಟ್ಟೆ. ಅಚ್ಚುಕಟ್ಟಾಗಿ ಟೈಪ್ ಮಾಡಿದ ಪಟ್ಟಿ ಬಂತು. ಅದರಲ್ಲಿ "ತೈಜ" ಅಂತ ಒಬ್ಬ. ನಮ್ಮೂರಲ್ಲಿ ಅಂಥ ಹೆಸರು ಯಾರಿಗೂ ಇರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಕಂಪ್ಯೂಟರಿಗೆ ಓದಿಸಿದೆ. ಅದಂತೂ ಇನ್ನೂ ಕಷ್ಟ. ಇನ್ನೊಂದು ಮೂರು ಸಾವಿರ ಹೋಯಿತು.

ಕೊನೆಗೆ ಆ ಲಿಪಿಯನ್ನು ನಾನೇ ಕಲಿತೆ. ಎರಡು ತಿಂಗಳು ಹಿಡಿಯಿತು. ಅದರಲ್ಲಿ ಇ (e) ಮತ್ತು ಎನ್ (n) ಹೆಚ್ಚುಕಡಿಮೆ ಒಂದೇ ತರ, ಎರಡು ಗೀರು ಅಷ್ಟೇ. ಯು ಮೇಲೆ ಮಾತ್ರ ಸಣ್ಣ ಕೊಕ್ಕೆ ಇರುತ್ತದೆ. ಜೆ ಬಂದರೆ ಅದು ನಮ್ಮ ಯ. ಟಿ, ಎಸ್, ಸಿ, ಎಚ್ ಸಾಲಾಗಿ ಬಂದರೆ ಅಷ್ಟೂ ಸೇರಿ ಒಂದೇ ಒಂದು ಚ!

ಆದರೂ ಹೆಸರುಗಳು ಹಿಡಿತಕ್ಕೆ ಬರಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿಯ ಮನೆಗೆ ಹೋಗಿ ಪಟ್ಟಿ ತೋರಿಸಿದೆ. "ನನಗೆ ಕಣ್ಣು ಕಾಣುವುದಿಲ್ಲ ಮಗಾ, ಜೋರಾಗಿ ಓದು" ಅಂದರು. ಜರ್ಮನರು ಬರೆದ ಹಾಗೇ ಓದಿದೆ. "ತೈಜ" ಬಂದಾಗ ಅದರಲ್ಲಿನ ಇ (e) ನಿಜಕ್ಕೂ ಎನ್ (n) ಆಗಿರಬಹುದು ಅನಿಸಿ, ಜ ಬದಲು ಯ ಹಾಕಿ, "ತನಿಯ" ಅಂದೆ. ಅಜ್ಜಿ ನಕ್ಕರು. "ಶನಿವಾರ ಹುಟ್ಟಿದವ ಅಲ್ವಾ!" ತುಳುವರಲ್ಲಿ ಐತ, ಅಂಗಾರ, ತುಕ್ರ ಎಲ್ಲ ಹುಟ್ಟಿದ ವಾರದ ಹೆಸರುಗಳು. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಪಾದ್ರಿಗಳು ಕಿವಿಗೆ ಬಿದ್ದದ್ದನ್ನು ಬರೆದಿದ್ದರು. ನಾವು ಕಣ್ಣಿನಿಂದ ಓದುತ್ತಿದ್ದೆವು.

ಅಲ್ಲಿಂದ ಆರೇಳು ಭಾನುವಾರ ಇದೇ ಕೆಲಸ. ಖರ್ಚು ಬನ್ಸ್, ಚಹಾ, ಅಷ್ಟೇ. ಅಜ್ಜಿಯಂದಿರಿಗೆ ಮೊದಲು ಯಾವ ಪುಟ ಓದಬೇಕು, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಗುಟ್ಟು.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಹಂಚಿನ ಮೇಲಿನ ಮುದ್ರೆ ನೋಡಿ ಮನೆಗಳ ವಯಸ್ಸು ಹೇಳಬಹುದು ಅಂತ ಏಣಿ ಹತ್ತಿದೆ. ನೋಡಿದ ಹಂಚಿನಲ್ಲೆಲ್ಲ 1865! ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಬೆನ್ನು ನೋವು ಮಾತ್ರ ಉಳಿಯಿತು.

ಬಾಕಿ ಐವತ್ತು ಹೆಸರು ಗೆದ್ದಲು ತಿಂದ ಪುಟಗಳಲ್ಲಿವೆ. ಅಲ್ಲಿ ಅಜ್ಜಿಗೆ ಓದಿ ಹೇಳಲು ಅಕ್ಷರವೇ ಇಲ್ಲ.