ಪೂರ್ವ ಆಫ್ರಿಕಾದ ಹಳ್ಳಿಗೆ ಸ್ವಯಂಸೇವಕರಾಗಿ ಹೊರಟವರ ಗಂಟುಮೂಟೆ

ಕೀನ್ಯಾ, ಉಗಾಂಡ, ತಾಂಜಾನಿಯಾಗಳ ಹಳ್ಳಿಗಳಿಗೆ ಪಾಠ ಹೇಳಲೋ ಬೇಸಾಯದ ಕೆಲಸಕ್ಕೋ ವರ್ಷದ ಮಟ್ಟಿಗೆ ಸ್ವಯಂಸೇವಕರಾಗಿ ಹೊರಡುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳ ಪೆಟ್ಟಿಗೆಗೆ ಮನೆಯವರು ತುಂಬುವ ಮೊದಲ ವಸ್ತು ರಾಗಿಹಿಟ್ಟು. ಪೆಟ್ಟಿಗೆಯಿಂದ ಮೊದಲು ಹೊರತೆಗೆಯಬೇಕಾದದ್ದೂ ಅದೇ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಸ್ವಾಹಿಲಿ ಮಾತನಾಡುವವರು ಅದನ್ನು ಉಲೇಜಿ ಅಥವಾ ವಿಂಬಿ ಎನ್ನುತ್ತಾರೆ. ದಿನನಿತ್ಯದ ಊಟವಾದ ಉಗಾಲಿಯೂ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ, ಆದ್ದರಿಂದ ನಮ್ಮವರಿಗೆ ಅದು ತೀರಾ ಅಪರಿಚಿತವೆನಿಸದು. ಹಳ್ಳಿಯಲ್ಲಿ ಸಿಗದಿರುವುದು ಮನೆಯ ಸಾರಿನ ಪುಡಿ. ಅದನ್ನು ಅರ್ಧ ಕೆ.ಜಿ.ಯಷ್ಟು ಗಾಳಿಯಾಡದ ಡಬ್ಬಿಯಲ್ಲಿ ಒಯ್ದರೆ ಸಾಕು. ಬಕೆಟ್ಟು, ಚೆಂಬು, ಹೊದಿಕೆ, ಮಳೆಗಾಲದ ರಬ್ಬರ್ ಬೂಟು, ಹೆಂಗಸರು ಸೊಂಟಕ್ಕೆ ಸುತ್ತುವ ಕಾಂಗಾ ಬಟ್ಟೆ ಇವೆಲ್ಲ ಅಲ್ಲಿನ ಸಂತೆಯಲ್ಲೇ ದೊರೆಯುತ್ತವೆ, ಮತ್ತು ಅಲ್ಲಿ ಕೊಂಡರೆ ಊರಿನವರ ಪರಿಚಯವೂ ಆಗುತ್ತದೆ.

ಸಾಮಾನುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಳ್ಳುವ ನಮ್ಮ ರೂಢಿಯನ್ನು ಇಲ್ಲಿಯೇ ಬಿಡಬೇಕು. ಕೀನ್ಯಾ 2017ರ ಆಗಸ್ಟಿನಲ್ಲಿಯೂ ತಾಂಜಾನಿಯಾ 2019ರ ಜೂನ್‌ನಲ್ಲಿಯೂ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿವೆ. ನಾಲ್ಕಾರು ಬಟ್ಟೆ ಚೀಲಗಳಿದ್ದರೆ ಮುಂದೆ ಸಂತೆಗೂ ಆಗುತ್ತವೆ.

ಹೆಚ್ಚಿನ ಎಚ್ಚರ ಬೇಕಾದದ್ದು ಮಲೇರಿಯಾದ ವಿಷಯದಲ್ಲಿ. ಆ ಪ್ರದೇಶದಲ್ಲಿ ಹೆಚ್ಚಾಗಿ ಕಾಣುವ ಫಾಲ್ಸಿಪರಂ ಮಲೇರಿಯಾ ಪ್ರಾಣಕ್ಕೇ ಕುತ್ತು ತರಬಲ್ಲದು, ಮತ್ತು ಅದನ್ನು ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಬಹುಮಟ್ಟಿಗೆ ಸಂಜೆಯಿಂದ ಬೆಳಗಿನವರೆಗೆ. ಆದ್ದರಿಂದ ಸೊಳ್ಳೆಪರದೆಯನ್ನು ಅಲ್ಲಿ ನೋಡಿಕೊಂಡರಾಯಿತೆಂದು ಬಿಡದೆ, ಮೊದಲ ರಾತ್ರಿಯೇ ಕಟ್ಟುವಂತೆ ಕೈಯಲ್ಲಿಟ್ಟುಕೊಳ್ಳಬೇಕು. ಕೊಳ್ಳುವಾಗ ಕೀಟನಾಶಕ ಲೇಪಿಸಿದ ಪರದೆಯೇ ಎಂದು ವಿಚಾರಿಸಿ, ಜೊತೆಗೆ ಹತ್ತು ಮೀಟರ್ ನೈಲಾನ್ ಹಗ್ಗ ಮತ್ತು ಕೆಲವು ಮೊಳೆಗಳನ್ನು ಇಡಿ. ಬಾಡಿಗೆ ಕೋಣೆಯಲ್ಲಿ ನಾಲ್ಕು ಮೂಲೆಗೂ ಕೊಕ್ಕೆ ಇರುತ್ತದೆಂಬ ಭರವಸೆಯಿಲ್ಲ. ಹಗ್ಗ ಹಗಲು ಬಟ್ಟೆ ಒಣಗಿಸಲೂ ಒದಗುತ್ತದೆ. ಮುಂಜಾಗ್ರತೆಯ ಮಾತ್ರೆ ಯಾವುದೆಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಅವರು ದಿನಕ್ಕೊಂದರಂತೆ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ, ಆ ಪ್ರದೇಶವನ್ನು ಬಿಟ್ಟ ಮೇಲೂ 4 ವಾರ ನುಂಗಬೇಕಾಗುವುದರಿಂದ, ಲೆಕ್ಕ ಹಾಕುವಾಗ ಕೊನೆಯ 28 ಮಾತ್ರೆಗಳನ್ನು ಮರೆಯಬಾರದು. ಎಲ್ಲ ಔಷಧಿಗಳನ್ನೂ ವೈದ್ಯರ ಚೀಟಿಯೊಂದಿಗೆ ಮೂಲ ಪೊಟ್ಟಣದಲ್ಲಿಯೇ ಒಯ್ಯಿರಿ. ಓ.ಆರ್.ಎಸ್. ಪೊಟ್ಟಣಗಳೂ ಅಲ್ಲಿಯೇ ಇರಲಿ.

ನೀರಿನ ಬಗ್ಗೆ ನಮ್ಮ ಜಿಲ್ಲೆಗಳವರಿಗೆ ಬೇರೆಯವರಿಗಿಂತ ಹೆಚ್ಚು ತಿಳಿದಿರಬೇಕು. ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಹಲ್ಲನ್ನೂ ಮೂಳೆಯನ್ನೂ ಏನು ಮಾಡುತ್ತದೆಂಬುದನ್ನು ಬಾಗೇಪಲ್ಲಿಯಲ್ಲೋ ಪಾವಗಡದಲ್ಲೋ ಕಂಡವರಿಗೆ ಹೇಳಬೇಕಾಗಿಲ್ಲ. ಕೀನ್ಯಾ ಮತ್ತು ಉತ್ತರ ತಾಂಜಾನಿಯಾದ ಬಿರುಕು ಕಣಿವೆಯ (ರಿಫ್ಟ್ ವ್ಯಾಲಿ) ಅಂತರ್ಜಲದಲ್ಲಿಯೂ ಅದೇ ಪೀಡೆಯಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕ್ಲೋರಿನ್ ಮಾತ್ರೆಗೂ ಕ್ಯಾಂಡಲ್ ಫಿಲ್ಟರಿಗೂ ಅದನ್ನು ತೆಗೆಯುವ ಶಕ್ತಿಯಿಲ್ಲ. ಅಂತಹ ಊರಿನಲ್ಲಿ ಸೂರಿನಿಂದ ಹಿಡಿದ ಮಳೆನೀರನ್ನು ಕುದಿಸಿ ಕುಡಿಯುವುದು ಮೇಲು. ಚೆನ್ನಾಗಿ ಮರಳಿದ ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದ ಊರಾದರೆ 3 ನಿಮಿಷ ಕುದಿಸಿದರೆ ಸಾಕು. ಒಯ್ಯಬೇಕಾದದ್ದು ಮುಚ್ಚಳವಿರುವ ಸ್ಟೀಲ್ ಪಾತ್ರೆ, ಸ್ಟೀಲ್ ಬಾಟಲಿ, ಪ್ರಯಾಣದ ದಿನಗಳಿಗೆ ಒಂದು ಪಟ್ಟಿ ಕ್ಲೋರಿನ್ ಮಾತ್ರೆ.

ವಿದ್ಯುತ್ತಿನ ಒತ್ತಡ ನಮ್ಮಲ್ಲಿರುವಷ್ಟೇ ಆದರೂ ಅಲ್ಲಿನ ಸಾಕೆಟ್ಟಿನಲ್ಲಿ ಹೆಚ್ಚಾಗಿರುವುದು ಚಪ್ಪಟೆಯಾದ ಮೂರು ಪಿನ್ನುಗಳ ತೂತು. ಒಂದೇ ಒಂದು ಅಡಾಪ್ಟರ್ ಮತ್ತು ಇಲ್ಲಿಯದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದರೆ ನಮ್ಮ ಚಾರ್ಜರುಗಳೆಲ್ಲ ಅದಕ್ಕೇ ಹೊಂದುತ್ತವೆ. ಕರೆಂಟು ಹೋಗುವ ಹೊತ್ತಿಗೆ ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡು ಕೈಗಳೂ ಖಾಲಿ ಇರುತ್ತವೆ. ರಾತ್ರಿ ಹೊರಗಿನ ಶೌಚಾಲಯಕ್ಕೆ ಹೋಗುವವರಿಗೆ ಅದರ ಬೆಲೆ ತಿಳಿಯುತ್ತದೆ. 20,000 ಎಂ.ಎ.ಎಚ್. ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುವುದರಿಂದ ವಿಮಾನದ 100ರ ಮಿತಿಯೊಳಗಿದೆ, ಆದರೆ ಅದು ಕೈಚೀಲದಲ್ಲಿಯೇ ಇರಬೇಕು. ಜೊತೆಗೊಂದು ಅಗ್ಗದ ಕೀಪ್ಯಾಡ್ ಫೋನ್ ಇರಲಿ. ಕೀನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣಪಾವತಿ ಇಂಟರ್ನೆಟ್ ಇಲ್ಲದೆಯೂ ಸಿಮ್ಮಿನ ಮೂಲಕ ನಡೆಯುತ್ತದೆ, ಮೊಟ್ಟೆಯ ಅಂಗಡಿಯವರೂ ಅದರಲ್ಲಿ ಹಣ ಪಡೆಯುತ್ತಾರೆ.

ಉಡುಪು ಮೊಣಕಾಲು ಮುಚ್ಚುವಂತಹ ಹತ್ತಿಯದಿರಲಿ, ಐದು ಜೊತೆ ಸಾಕು. ಹೆಣ್ಣುಮಕ್ಕಳು ತೊಳೆದು ಬಳಸುವ ಪ್ಯಾಡ್ ಅಥವಾ ಮುಟ್ಟಿನ ಕಪ್ ಒಯ್ಯುವುದು ಒಳ್ಳೆಯದು, ಏಕೆಂದರೆ ಹಳ್ಳಿಯಲ್ಲಿ ಕಸದ ವಿಲೇವಾರಿಯೇ ಕಷ್ಟ.

ಕಾಗದಪತ್ರಗಳಲ್ಲಿ ಹಳದಿ ಜ್ವರದ ಲಸಿಕೆಯ ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನೊಳಗೇ ಇಡಬೇಕು. ಚುಚ್ಚಿಸಿಕೊಂಡ 10 ದಿನಗಳ ಮೇಲೆ ಅದು ಊರ್ಜಿತವಾಗುತ್ತದೆ, ಒಮ್ಮೆ ಪಡೆದರೆ ಜೀವಮಾನಕ್ಕೆ ಸಾಕು. ಹೊರಡುವಾಗ ಅದನ್ನು ಯಾರಾದರೂ ಕೇಳಲಿ ಬಿಡಲಿ, ಕೀನ್ಯಾ ಅಥವಾ ಉಗಾಂಡದಿಂದ ಮರಳಿ ಬೆಂಗಳೂರಿನಲ್ಲಿ ಇಳಿದಾಗ ಕೇಳುತ್ತಾರೆ, ಪುಸ್ತಿಕೆ ಇಲ್ಲದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.